ಬೆಲ್ಜಿಯಂಗೆ ಹೋದ ಸೋಸಲೆಯ ಬಾಳೆ ಎಲೆ

ಬೆಲ್ಜಿಯಂಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಅತಿ ಹಗುರವಾಗಿದ್ದ ಸಾಮಾನು ಬಾಳೆ ಎಲೆ. ಅತಿ ಭಾರದ್ದು ಅಮ್ಮ ತುಂಬಿದ ಹುರಿಹಿಟ್ಟು ಮತ್ತು ಚಟ್ನಿಪುಡಿ. ತೂಕ ಹೆಚ್ಚಾಗುತ್ತದೆ ಎಂದು ನಾನು ತೆಗೆದಿಟ್ಟಾಗಲೆಲ್ಲ ಅಮ್ಮ ಮತ್ತೆ ಒಳಗಿಡುತ್ತಿದ್ದರು. ಎಲೆಯ ಪೊಟ್ಟಣಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾಲ್ಕು ತಿಂಗಳು ಅಲ್ಲಿದ್ದು ಬರಲು ನನಗೆ ಸಿಕ್ಕಿದ ಅವಕಾಶಕ್ಕೆ ಅವೇ ಕಾರಣ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಗ ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿತ್ತು. ನನ್ನ ವಿಷಯ ಕ್ಲೋರೋಪ್ಲಾಸ್ಟ್, ಎಲೆಗೆ ಹಸಿರು ಕೊಡುವ ಕಣಗಳು. ಬಹಳ ಬಹಳ ಹಿಂದೆ ಇವು ನೀರಿನಲ್ಲಿ ತಮ್ಮ ಪಾಡಿಗೆ ಬದುಕುತ್ತಿದ್ದ ಬ್ಯಾಕ್ಟೀರಿಯಗಳು. ಒಂದು ಜೀವಕೋಶದೊಳಗೆ ಸೇರಿ ಅಲ್ಲೇ ನಿಂತವು. ಬರುವಾಗ ತಂದ ಜೀನುಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡೋ ಯಜಮಾನನಿಗೆ ಒಪ್ಪಿಸಿಯೋ, ನೂರು ಚಿಲ್ಲರೆಯನ್ನು ಮಾತ್ರ ತಮ್ಮ ಬಳಿ ಉಳಿಸಿಕೊಂಡಿವೆ. ಬಾಳೆಯಲ್ಲಿ ಈ ಕಣಗಳು ತಾಯಿಯಿಂದ ಮಾತ್ರ ಬರುತ್ತವೆ. ಆದ್ದರಿಂದ ಅವುಗಳ ಡಿಎನ್‌ಎಯ ಅಕ್ಷರಗಳನ್ನು ಓದಿದರೆ ಆ ಬಾಳೆಯ ತಾಯಿಯ ಕಡೆ ಯಾವುದು ಎಂದು ಹೇಳಬಹುದು.

ನಂಜನಗೂಡು, ತಿರುಮಕೂಡಲು ನರಸೀಪುರದ ಸುತ್ತ ರಸಬಾಳೆ ಎಂದು ಹೆಸರಾದ ಗಿಡಗಳ ಎಲೆಗಳನ್ನು ಒಂದು ವರ್ಷ ತಿರುಗಾಡಿ ಕೂಡಿಸಿದ್ದೆ. ಒಂದು ಪೊಟ್ಟಣ ಬಿಟ್ಟು ಉಳಿದವೆಲ್ಲ ನಾನೇ ಕೊಯ್ದವು. ಆ ಒಂದು ಸೋಸಲೆಯ ಗೌರತ್ತೆಯ ಹಿತ್ತಿಲಿನದು.

ಗೌರತ್ತೆ ಅಪ್ಪನ ತಂಗಿ. ನಂಜನಗೂಡಿನ ನಮ್ಮ ಮನೆಯಿಂದ ಮದುವೆಯಾಗಿ ಹೋಗುವಾಗ ಅಜ್ಜಿ ಒಂದು ಬಾಳೆ ಕಂದನ್ನು ಗೋಣಿಯಲ್ಲಿ ಸುತ್ತಿ ಜೊತೆಗೆ ಕಳಿಸಿದ್ದರಂತೆ. ನಮ್ಮ ಹಿತ್ತಿಲಿನ ಬುಡ ನಾನು ಹುಟ್ಟುವ ಮೊದಲೇ ಸೊರಗು ರೋಗಕ್ಕೆ ಹೋಯಿತು. ಅತ್ತೆಯದು ಉಳಿಯಿತು. ಆದರೆ ಸೋಸಲೆಯಲ್ಲಿ ಅದನ್ನು ರಸಬಾಳೆ ಎಂದು ಯಾರೂ ಒಪ್ಪುತ್ತಿರಲಿಲ್ಲ. ಮೊದಲನೆಯವರು ಅತ್ತೆಯ ಗಂಡ ಶಿವಣ್ಣ ಮಾವ. ಪ್ರತಿ ಗೊನೆಗೂ ಅವರದು ಒಂದೇ ಮಾತು: "ಯಾವ್ದೋ ಬೆರಕೆ ಕಟ್ಬುಟ್ಟವ್ರೆ ನಿಮ್ಮವ್ವ."

"ಅಂಗಾದ್ರೆ ತಿನ್ಬ್ಯಾಡಿ," ಎನ್ನುತ್ತಿದ್ದರು ಅತ್ತೆ.

ಮಾವ ತಿನ್ನುತ್ತಿದ್ದರು, ಎರಡು ಮೂರು.

ನಾನು ಎಲೆ ಕೇಳಲು ಹೋದ ದಿನ ಗಿಡದಲ್ಲಿ ಎಳೆಯ ಸುಳಿ ಇರಲಿಲ್ಲ. ತೇವ ಹೀರುವ ನೀಲಿ ಹರಳು ತುಂಬಿದ ಪೊಟ್ಟಣ ಕೊಟ್ಟು, ಸುಳಿ ಬಂದ ಮೇಲೆ ಸಣ್ಣಗೆ ಕತ್ತರಿಸಿ ಇದರೊಳಗೆ ಹಾಕಿ ಕಳಿಸಿ ಎಂದೆ. "ನಿಜ ಏಳ್ಬುಡ್ತದಾ ನಿನ್ ಮಿಸೀನು?" ಎಂದು ಅತ್ತೆ ಕೇಳಿದರು. ತಾಯಿಯ ಕಡೆ ಬೇರೆಯಾಗಿದ್ದರೆ ಗೊತ್ತಾಗುತ್ತದೆ ಎಂದೆ. ಅವರು ಮಾವನ ಕಡೆ ನೋಡಿ ಪೊಟ್ಟಣವನ್ನು ಸೆರಗಿನಲ್ಲಿ ಇಟ್ಟುಕೊಂಡರು.

ಬ್ರಸೆಲ್ಸ್ ವಿಮಾನ ನಿಲ್ದಾಣ

ಅನುಮತಿಯ ಕಾಗದಗಳನ್ನೆಲ್ಲ ನನ್ನ ಮಾರ್ಗದರ್ಶಕರು ಮಾಡಿಸಿಕೊಟ್ಟಿದ್ದರು. ಆದರೂ ತಪಾಸಣೆಯ ಮೇಜಿನ ಮುಂದೆ ಅವನ್ನು ಎರಡು ಸಲ ಎಣಿಸಿಕೊಂಡೆ. ಅಧಿಕಾರಿ ಎತ್ತರದ ಮನುಷ್ಯ, ಮೀಸೆಯ ತುದಿ ನಕ್ಕಂತೆ ಮೇಲೆ ಹೋಗಿತ್ತು. ಅಮ್ಮನ ಚಟ್ನಿಪುಡಿಯನ್ನು ಅವನು ನೋಡಿಯೂ ನೋಡದಂತೆ ಬಿಟ್ಟ. ಎಲೆಯ ಪೊಟ್ಟಣ ಒಂದನ್ನು ತೆರೆದು ಮೂಸಿದ.

"ಟೀಯೇ?"

"ಬಾಳೆ ಎಲೆ."

"ಇದನ್ನು ತಿನ್ನುತ್ತೀರಾ?"

"ಇದರ ಮೇಲೆ ತಿನ್ನುತ್ತೇವೆ."

ಅವನು ಸಹೋದ್ಯೋಗಿಯನ್ನು ಕರೆದು ಇದನ್ನು ಅವರ ಭಾಷೆಯಲ್ಲಿ ಹೇಳಿದ. ಇಬ್ಬರೂ ಕಾಗದ ಓದಿ, ಮುದ್ರೆ ಒತ್ತಿ, ನನಗೆ ಶುಭ ಕೋರಿದರು. ಅವನು ಮೂಸಿದ್ದು ಸೋಸಲೆಯ ಪೊಟ್ಟಣ. ಒಣಗಿದ ಬಾಳೆ ಎಲೆಗೆ ಟೀ ಪುಡಿಯ ವಾಸನೆ ಏಕೆ ಬರಬೇಕು ಎಂದು ನನಗೆ ಆಗ ಹೊಳೆಯಲಿಲ್ಲ. ಸಿಕ್ಕಿಬೀಳದೆ ಹೊರಗೆ ಬಂದ ಸಂತೋಷದಲ್ಲಿ ಟ್ರಾಲಿಯನ್ನು ಒಬ್ಬ ಪಾದ್ರಿಯ ಕಾಲಿಗೆ ತಗುಲಿಸಿದೆ. ಅವರೇ ನನ್ನ ಬಳಿ ಕ್ಷಮೆ ಕೇಳಿದರು.

ಮೆಖೆಲೆನ್, ಗೋಡಲೀವ್ ಅವರ ನೆಲಮಾಳಿಗೆ

ನಾನಿದ್ದ ಊರು ಮೆಖೆಲೆನ್. ಬ್ರಸೆಲ್ಸಿನಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲ. ನಡುವೆ ದೊಡ್ಡ ಚರ್ಚಿನ ಗೋಪುರ. ಅದರ ಗಂಟೆಗಳು ಬರಿದೆ ಹೊಡೆಯುವುದಿಲ್ಲ, ರಾಗ ನುಡಿಸುತ್ತವೆ. ಮೊದಲ ವಾರ ಅದನ್ನು ಕೇಳಿದಾಗಲೆಲ್ಲ ಯಾರದೋ ಮದುವೆ ಇರಬೇಕು ಎಂದುಕೊಂಡೆ.

ನನಗೆ ಕೋಣೆ ಬಾಡಿಗೆಗೆ ಕೊಟ್ಟ ಗೋಡಲೀವ್ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಹೆಸರು ಹಿಡಿದು ಕರೆ ಎಂದರು. ನನ್ನ ಬಾಯಿ ಹೊರಳಲಿಲ್ಲ. ಏನೂ ಕರೆಯದೆ, ಎದುರಿಗೆ ಬಂದು ನಿಂತು ಮಾತು ಶುರು ಮಾಡುತ್ತಿದ್ದೆ. ನಮ್ಮ ಹುಡುಗಿಯರಿಗೆ ಬೆಕ್ಕಿನಂತೆ ಬಂದು ನಿಲ್ಲುವ ಪದ್ಧತಿ ಇದೆ ಎಂದು ಅವರು ಬಹಳ ದಿನ ನಂಬಿದ್ದರು.

ಅಲ್ಲಿಯವರು ಮಧ್ಯಾಹ್ನ ತಣ್ಣಗಿನ ಬ್ರೆಡ್ಡು ತಿನ್ನುತ್ತಾರೆ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಡುತ್ತಾರೆ, ಒಂದೇ ಒಂದು. ನಮ್ಮಲ್ಲಾದರೆ ತಟ್ಟೆ ಖಾಲಿಯಾಗುವ ಮುನ್ನ ಮತ್ತೆ ಸುರಿಯುತ್ತಾರೆ. ಅಲ್ಲಿ ಡಬ್ಬಿಯ ಮುಚ್ಚಳ ಹಾಕಿ ಒಳಗಿಡುತ್ತಾರೆ. ಇದನ್ನು ಜಿಪುಣತನ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಆಮೇಲೆ ಒಂದು ದಿನ ಗೋಡಲೀವ್ ತಮ್ಮ ಮನೆಯ ಎರಡನೇ ಬೀಗದ ಕೈಯನ್ನು ಏನೂ ಹೇಳದೆ ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ಅಮ್ಮನಿಗೆ ಅದನ್ನೂ ಹೇಳಿದೆ.

ಅವರ ನೆಲಮಾಳಿಗೆಯಲ್ಲಿ ಒಂದು ತರಕಾರಿ ಬೆಳೆಯುತ್ತಿತ್ತು. ಹೊಲದಿಂದ ತಂದ ಗೆಡ್ಡೆಗಳನ್ನು ಕತ್ತಲಲ್ಲಿ ಮಣ್ಣಿಗೆ ಹೂತಿಡುತ್ತಾರೆ. ಮೊಗ್ಗಿನಂತೆ ಬಿಗಿಯಾಗಿ ಮುಚ್ಚಿಕೊಂಡ ಬಿಳಿ ಎಲೆಗಳು ಮೇಲೇಳುತ್ತವೆ. ವಿಟ್‌ಲೋಫ್ ಎಂದು ಹೆಸರು, ಬಿಳಿ ಎಲೆ ಎಂದೇ ಅರ್ಥ. ಬಾಗಿಲು ತೆರೆದಿಟ್ಟರೆ ಬೆಳಕು ಬೀಳುತ್ತದೆ ಎಂದು ಗೋಡಲೀವ್ ತಡವರಿಸಿಕೊಂಡೇ ಮೆಟ್ಟಿಲು ಇಳಿಯುತ್ತಿದ್ದರು.

ಆ ಬಿಳಿ ಎಲೆಯಲ್ಲೂ ಕಣಗಳಿವೆ, ಅವುಗಳ ಜೀನುಗಳೂ ಇವೆ; ಹಸಿರಾಗಲು ಬೆಳಕಿನ ಅಪ್ಪಣೆ ಬರಬೇಕು ಅಷ್ಟೆ. ಓದಿ ಗೊತ್ತಿದ್ದನ್ನು ಕಣ್ಣಾರೆ ನೋಡುವ ಆಸೆಯಿಂದ, ನನಗೆ ಕೊಟ್ಟ ಒಂದನ್ನು ಕಿಟಕಿಯ ಮೇಲಿಟ್ಟೆ. ಎರಡು ದಿನದಲ್ಲಿ ತುದಿ ಹಸಿರಾಯಿತು. ಸಂಭ್ರಮದಿಂದ ಕೆಳಗೆ ತಂದು ತೋರಿಸಿದೆ.

ಗೋಡಲೀವ್ ಅದನ್ನು ಹೀಗೆ ಹಾಗೆ ತಿರುಗಿಸಿ ನೋಡಿದರು. "ಕೆಡಿಸಿಬಿಟ್ಟೆ," ಎಂದರು. "ಹಸಿರಾದರೆ ಕಹಿ. ನಮ್ಮಪ್ಪ ಇದ್ದಿದ್ದರೆ ನಿನ್ನನ್ನು ಮೊಲಗಳ ಜೊತೆ ಊಟಕ್ಕೆ ಕೂರಿಸುತ್ತಿದ್ದರು."

ಹಸಿರಾಗುವುದನ್ನು ಕೆಡುವುದು ಎನ್ನುವ ಜನ ಭೂಮಿಯ ಮೇಲೆ ಇದ್ದಾರೆ ಎಂದು ಅಂದು ತಿಳಿಯಿತು. ಆ ಎಲೆಯನ್ನು ನಾನೇ ಹುಣಿಸೆಹುಳಿ, ಬೆಲ್ಲ ಹಾಕಿ ಗೊಜ್ಜು ಮಾಡಿದೆ. ಅವರು ಎರಡು ಸಲ ಬಡಿಸಿಕೊಂಡರು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಪ್ರಯೋಗಾಲಯ

ಪ್ರಯೋಗಾಲಯ ಊರಿನ ಹೊರಗೆ, ಕೋಸಿನ ಹೊಲಗಳ ಪಕ್ಕದಲ್ಲಿತ್ತು. ನನಗೆ ಕೆಲಸ ಹೇಳಿಕೊಡಬೇಕಾದ ಪೀಟರ್ ಐವತ್ತು ದಾಟಿದವರು. ಸೈಕಲ್ಲಿನಲ್ಲಿ ನೆನೆದುಕೊಂಡು ಬರುತ್ತಿದ್ದರು. ಕಿಟಕಿಯಲ್ಲಿ ಅವರ ಜೆರೇನಿಯಂ ಕುಂಡಗಳು. ಆ ದೇಶದಲ್ಲಿ ಜೆರೇನಿಯಂ ಇಲ್ಲದ ಕಿಟಕಿ ಕಡಿಮೆ.

"ಇದನ್ನು ಸಾಧು ಗಿಡ ಅಂದುಕೊಳ್ಳಬೇಡ," ಎಂದು ಮೊದಲ ದಿನವೇ ಹೇಳಿದರು. ಹೂ ಬಿಡುವ ಗಿಡಗಳಲ್ಲಿ ಹೆಚ್ಚಿನವು ತಮ್ಮ ಕ್ಲೋರೋಪ್ಲಾಸ್ಟಿನ ಜೀನುಗಳನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಇಟ್ಟುಕೊಂಡು ಬಂದಿವೆ. ನಮ್ಮ ಮನೆಯ ಅಡುಗೆಮನೆಯ ಡಬ್ಬಿಗಳ ಹಾಗೆ: ಅಜ್ಜಿ ಮೆಂತ್ಯ ಇಟ್ಟಲ್ಲೇ ಅಮ್ಮ ಮೆಂತ್ಯ ಇಟ್ಟಿದ್ದಾರೆ. ಈ ಜೆರೇನಿಯಂ ಮಾತ್ರ ಅಟ್ಟವನ್ನೆಲ್ಲ ಕೆಳಗಿಳಿಸಿ, ಬೇಕಾದ ಹಾಗೆ ಜೋಡಿಸಿ, ಕೆಲವನ್ನು ಎರಡೆರಡು ಕಡೆ ಇಟ್ಟಿದೆ. ಆದರೂ ಕಿಟಕಿಯಲ್ಲಿ ಕೆಂಪಗೆ ಹೂ ಬಿಟ್ಟುಕೊಂಡು ಚೆನ್ನಾಗಿಯೇ ಇದೆ. ಡಬ್ಬಿಯ ಹೋಲಿಕೆಯನ್ನು ನಾನು ಹೇಳಿದಾಗ ಪೀಟರ್ ಜೋರಾಗಿ ನಕ್ಕು, ತಮ್ಮ ಅತ್ತೆಗೂ ಹೆಂಡತಿಗೂ ಇದೇ ವಿಷಯಕ್ಕೆ ಜಗಳ ಎಂದರು.

ಎಲೆಯನ್ನು ಅರೆದು, ಡಿಎನ್‌ಎ ತೆಗೆದು, ಬೇಕಾದ ಭಾಗವನ್ನು ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿ, ಓದಲು ಕಳಿಸುವುದು ನನ್ನ ಕೆಲಸ. ಡಿಎನ್‌ಎ ಸರಿಯಾಗಿದ್ದರೆ ಅಂಟಂಟಾದ ಜೆಲ್ ಪದರದ ಮೇಲೆ ಮಿನುಗುವ ಗೆರೆ ಕಾಣುತ್ತದೆ. ನಂಜನಗೂಡಿನವು ಕಂಡವು. ತಗಡೂರಿನದು, ತಲಕಾಡಿನದು ಕಂಡವು. ಸೋಸಲೆಯ ಜಾಗದಲ್ಲಿ ಗೆರೆ ಇರಲಿಲ್ಲ. ಒದ್ದೆ ಬೆರಳಿನಿಂದ ಸೀಮೆಸುಣ್ಣ ಒರೆಸಿದಂಥ ಒಂದು ಮಂಕು ಇತ್ತು. ಮತ್ತೆ ಮಾಡಿದೆ, ಅದೇ ಮಂಕು. ಡಿಎನ್‌ಎ ನುಚ್ಚುನುಚ್ಚಾಗಿದೆ ಎಂದು ಅದರ ಅರ್ಥ.

ಪೀಟರ್ ಪೊಟ್ಟಣ ತೆಗೆದು ಮೂಸಿದರು. "ಹೊಗೆ," ಎಂದರು.

ಒಂದು ಭಾನುವಾರದ ಫೋನು

ಗೋಡಲೀವ್ ಅವರ ಫೋನು ಹಜಾರದಲ್ಲಿತ್ತು, ಕೆಳಗೆ ಒಂದು ಮೋಟು ಸ್ಟೂಲು. ಫೋನ್ ಕಾರ್ಡಿನ ಸಂಖ್ಯೆಗಳನ್ನೆಲ್ಲ ಒತ್ತಿ ಸೋಸಲೆಗೆ ಮಾಡಿದೆ. ಅತ್ತೆಯೇ ಎತ್ತಿಕೊಂಡರು. ಅಲ್ಲಿ ಏನು ಉಂಡೆ, ಚಳಿ ಎಂಗದೆ, ಕೂದಲು ಉದುರ್ತಾ ಅದೆಯಾ ಎಂಬುದೆಲ್ಲ ಆದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಅತ್ತೆ, ಆ ಎಲೆ ಹೇಗೆ ಪೊಟ್ಟಣಕ್ಕೆ ಹಾಕಿದಿರಿ?"

"ನೀ ಏಳ್ದಂಗೇಯ. ಸುಳಿ ಕುಯ್ದೆ, ಕತ್ತರಿಸ್ದೆ, ಆಕ್ದೆ."

"ಅಷ್ಟೇನಾ?"

"ಅಷ್ಟೇಯ. ವಲೆ ಮ್ಯಾಲೆ ವಸಿ ಬಾಡಿಸ್ದೆ, ಇನ್ನೇನಿಲ್ಲ."

"ಬಾಡಿಸಿದಿರಾ?"

"ಅಲ್ಲ ಕಣವ್ವ, ಪರವೂರಿಗೆ ಬುತ್ತಿ ಕಟ್ಟೋವಾಗ ಎಲೆ ಬಾಡಿಸ್ದೆ ಕಟ್ತಾರಾ? ಸೀಳೋಗಲ್ವಾ? ನರಸೀಪುರಕ್ಕೆ ಓಗೋ ಎಲೆನೇ ಬಾಡಿಸ್ತೀವಿ. ಇದು ಇಮಾನದಲ್ಲಿ ಓಗೋ ಎಲೆ."

ಅದು ಸರಿಯಾದ ಮಾತೇ. ನಮ್ಮಲ್ಲಿ ಯಾವ ಹೆಂಗಸೂ ಹಸಿ ಎಲೆಯಲ್ಲಿ ಬುತ್ತಿ ಕಟ್ಟುವುದಿಲ್ಲ. ಬೆಂಕಿಯ ಮೇಲೆ ಒಮ್ಮೆ ಹಾಯಿಸಿದರೆ ಎಲೆ ಬಟ್ಟೆಯ ಹಾಗೆ ಮೆತ್ತಗಾಗಿ ಎಲ್ಲಿ ಬೇಕಾದರೂ ಮಡಿಸಿಕೊಳ್ಳುತ್ತದೆ. ಹಾಗೆಯೇ ಅದರೊಳಗಿನ ಜೀವಕೋಶಗಳು ಸತ್ತು, ಒಣಗುವ ಮೊದಲೇ ಡಿಎನ್‌ಎ ತುಂಡಾಗುತ್ತದೆ. ಎರಡನೆಯದನ್ನು ನಾನು ಹೇಳಲಿಲ್ಲ. ಇನ್ನೊಂದು ಸುಳಿ ಬಂದಾಗ ಬಾಡಿಸದೆ ಕಳಿಸಬಹುದೇ, ಹೆಚ್ಚಿಗೆ ಇದ್ದರೆ ಒಳ್ಳೆಯದು ಎಂದೆ.

"ಗಿಡ ಓಯ್ತು ಕಣಮ್ಮಿ. ನೀ ಓದ ಮೇಲೆ ಎಲೆಯೆಲ್ಲ ಅಳದಿಯಾಗಿ ಜೋತ್ಬುದ್ವು. ನಿಮ್ಮಾವ ಬುಡ ಸಮೇತ ಅಗ್ದು ಸುಟ್ಟಾಕುದ್ರು. ಇಲ್ದಿದ್ರೆ ಪಕ್ಕದೋರ ಬಾಳೆಗೂ ಅತ್ತದೆ ಅಂತ." ಆಮೇಲೆ ದನಿ ತಗ್ಗಿಸಿದರು. "ನಾನು ಬಾಡಿಸಿದ್ದು ತೆಪ್ಪಾಯ್ತಾ? ನಿನ್ ಓದಿಗೆ ಏನಾರ ತೊಂದ್ರೆಯಾ?"

"ಇಲ್ಲ ಅತ್ತೆ. ಸುಮ್ಮನೆ ಕೇಳಿದೆ."

"ಸುಮ್ಕೆ ಯಾರೂ ಬೆಲ್ಜಿಯಮ್ಮಿಂದ ಫೋನ್ ಮಾಡಕಿಲ್ಲ," ಎಂದು ಅವರು ಇಟ್ಟರು.

ಅಜ್ಜಿಯ ಬಾಳೆಯದಾಗಿ ಲೋಕದಲ್ಲಿ ಉಳಿದದ್ದು ಆ ಪೊಟ್ಟಣದ ತಳದ ಒಂದು ಚಮಚದಷ್ಟು ಎಲೆಚೂರು. ಅದರಿಂದ ಉತ್ತರ ಬರದಿದ್ದರೆ ಅತ್ತೆಯ ಬಾಳೆ ಏನಾಗಿತ್ತು ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ, ಮಾವನ ಮಾತೇ ಕೊನೆಯದಾಗುತ್ತಿತ್ತು.

ಪಾಪ್ಲರ್ ಮರಗಳ ಕೆಳಗೆ

ಮುಂದಿನ ವಾರ ಪೀಟರ್ ತಮ್ಮ ಹೆಂಡತಿಯ ಜೊತೆ ನನ್ನನ್ನೂ ಕಾಡಿಗೆ ಕರೆದುಕೊಂಡು ಹೋದರು. ನಾವು ಕಾಡು ಎಂದರೆ ಬಂಡೀಪುರ ಎಂದುಕೊಳ್ಳುತ್ತೇವೆ. ಅಲ್ಲಿ ಕಾಡೆಂದರೆ ಕಾಲುವೆಯ ಪಕ್ಕ ಸಾಲು ಮರ, ನಡುವೆ ಬೆಂಚು, ನಾಯಿ ಹಿಡಿದುಕೊಂಡ ಮುದುಕರು, ಎದುರಾದವರಿಗೆಲ್ಲ ನಮಸ್ಕಾರ. ಹುಲಿ ಬಂದರೆ ಅದಕ್ಕೂ ನಮಸ್ಕಾರ ಹೇಳಿ ದಾರಿ ಬಿಡುತ್ತಿದ್ದರೋ ಏನೋ. ಮಳೆ ಹನಿಯುತ್ತಿತ್ತು. ಯಾರೂ ಅದನ್ನು ಮಳೆ ಎಂದು ಒಪ್ಪಲಿಲ್ಲ.

ಒಂದು ಪಾಪ್ಲರ್ ಮರದ ಬುಡದಲ್ಲಿ ಪೀಟರ್ ಮೊಣಕಾಲೂರಿದರು. ಒದ್ದೆ ಎಲೆಗಳ ನಡುವೆ ನೇರಳೆ ಹೂಗಳು ನೆಲದಿಂದ ನೇರವಾಗಿ ಎದ್ದಿದ್ದವು. ಹಸಿರು ಎಲೆಯೇ ಇಲ್ಲ. ಮರದ ಬೇರಿಗೆ ಬಾಯಿ ಹಾಕಿ ಊಟ ಹೀರುವ ಗಿಡ. ಇಂಥವು ಬೆಳಕಿನಲ್ಲಿ ಅಡುಗೆ ಮಾಡುವ ಜೀನುಗಳನ್ನು ಒಂದೊಂದಾಗಿ ಕೆಡಿಸಿಕೊಂಡು ಬಿಟ್ಟುಬಿಡುತ್ತವೆ. ಹಾಗಿದ್ದೂ ಆ ಕಣವನ್ನು ಪೂರ್ತಿ ಬಿಸಾಡಿಲ್ಲ. ಬೇರೆ ಕೆಲವು ಕೆಲಸಗಳಿಗೆ ಅದು ಬೇಕು.

"ಒಣಗಿಸಿದ ಹಳೇ ಗಿಡಗಳಲ್ಲೂ ನಾವು ಇದನ್ನು ಓದಿದ್ದೇವೆ," ಎಂದರು ಪೀಟರ್. "ನೂರು ವರ್ಷ ಕಾಗದಕ್ಕೆ ಅಂಟಿಸಿಟ್ಟವು. ಅವುಗಳ ಡಿಎನ್‌ಎ ಕೂಡ ನುಚ್ಚೇ. ನಿನ್ನ ಅತ್ತೆ ನೂರು ವರ್ಷದ ಕೆಲಸವನ್ನು ಒಂದು ಬೆಳಿಗ್ಗೆ ಮುಗಿಸಿದ್ದಾರೆ, ಅಷ್ಟೇ."

ಅವರ ಹೆಂಡತಿ ಅವರ ತೋಳಿಗೆ ಗುದ್ದಿದರು. ನನಗೆ ಮಾತ್ರ ದಾರಿ ಕಂಡಿತು. ಒಂದು ಜೀವಕೋಶಕ್ಕೆ ಕೋಶಕೇಂದ್ರ ಒಂದೇ. ಕ್ಲೋರೋಪ್ಲಾಸ್ಟಿನ ಡಿಎನ್‌ಎ ಪ್ರತಿಗಳಾದರೆ ಸಾವಿರಾರು. ಒಂದೇ ಪುಸ್ತಕದ ಸಾವಿರ ಪ್ರತಿಗಳನ್ನು ಹರಿದು ಹಾಕಿದರೂ ಯಾವುದೋ ಒಂದರಲ್ಲಿ ನಮಗೆ ಬೇಕಾದ ಸಾಲು ಉಳಿದಿರುತ್ತದೆ. ನಾನು ಇಷ್ಟು ದಿನ ಉದ್ದದ ತುಂಡುಗಳನ್ನು ಹುಡುಕುತ್ತಿದ್ದೆ. ಗಿಡ್ಡವನ್ನು ಹುಡುಕಬೇಕಾಗಿತ್ತು.

ವಾಪಸು ಬರುವಾಗ ಅವರಿಬ್ಬರೂ ಕರಿದ ಆಲೂಗಡ್ಡೆ, ನಾವು ಫ್ರೆಂಚ್ ಫ್ರೈಸ್ ಎನ್ನುವುದನ್ನು, ಕೊಡಿಸಿದರು. ಕಾಗದದ ಪೊಟ್ಟಣದಲ್ಲಿ, ಮೇಲೆ ಸಾಸು ಸುರಿದು. ಅದು ತಮ್ಮ ದೇಶದ್ದು, ಬೇರೆ ದೇಶದವರು ಹೆಸರು ಕದ್ದಿದ್ದಾರೆ ಎಂದು ಪೀಟರ್ ಬಹಳ ನೊಂದು ಹೇಳಿದರು. ರಸಬಾಳೆಯ ಬಗ್ಗೆ ಮಾತಾಡುವ ನಂಜನಗೂಡಿನವರ ಮುಖ ನೆನಪಾಯಿತು.

ಗೆರೆ

ಗಿಡ್ಡ ತುಂಡುಗಳಿಗೆ ಬೇಕಾದ ಸಾಮಗ್ರಿ ತರಿಸಲು ಕೆಲವು ವಾರ ಹಿಡಿಯಿತು. ಎಲೆಚೂರಿನಲ್ಲಿ ಅರ್ಧವನ್ನು ಮಾತ್ರ ಅರೆದೆ. ಅದೂ ಆಗದಿದ್ದರೆ ಮತ್ತೊಮ್ಮೆ ಪ್ರಯತ್ನಿಸಲು ಇರಲಿ ಎಂದು. ಅಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಯಾರದೋ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬದವರೇ ಎಲ್ಲರಿಗೂ ಕೇಕು ತರಬೇಕು. ಎಲ್ಲರೂ ಅಡುಗೆಕೋಣೆಯಲ್ಲಿ ಹಾಡುತ್ತಿದ್ದಾಗ ನಾನು ಕತ್ತಲಕೋಣೆಯಲ್ಲಿ ಪದರವನ್ನು ದೀಪದ ಮೇಲಿಟ್ಟೆ.

ಸೋಸಲೆಯ ಜಾಗದಲ್ಲಿ ಒಂದು ಗೆರೆ ಇತ್ತು. ತೆಳ್ಳಗೆ, ಆದರೆ ಗೆರೆಯೇ.

ಓದಿ ಬಂದ ಅಕ್ಷರಗಳನ್ನು ಉಳಿದವುಗಳ ಪಕ್ಕದಲ್ಲಿಟ್ಟು ನೋಡಿದೆ. ನಂಜನಗೂಡಿನ ಹೊರಗಿನ ರಾಚಪ್ಪನವರ ತೋಟದ ರಸಬಾಳೆಯನ್ನು ಎಲ್ಲರೂ ಅಸಲಿ ಎಂದು ಒಪ್ಪುತ್ತಾರೆ. ನಾನು ಓದಿದ ಮಟ್ಟಿಗೆ ಅತ್ತೆಯ ಬಾಳೆಗೂ ಅದಕ್ಕೂ ಒಂದು ಅಕ್ಷರದ ವ್ಯತ್ಯಾಸವೂ ಇರಲಿಲ್ಲ. ಪೀಟರ್ ನನಗೆ ಕೇಕು ತಂದುಕೊಟ್ಟರು. ಒಂದೇ ತುಂಡು.

ಅಂದೇ ಫೋನು ಮಾಡಿದೆ. ತಾಯಿಯ ಕಡೆ ಒಂದೇ ಎಂದೆ. ಆದರೆ ಅದೇ ತಾಯಿಯ ಕಡೆಯ ಬೇರೆ ಬಾಳೆಗಳೂ ಇರಬಹುದು, ಇಷ್ಟರಿಂದಲೇ ಇದು ರಸಬಾಳೆ ಎಂದು ಸಾಧಿಸಿದಂತಲ್ಲ, ಬೆರಕೆ ಎನ್ನಲು ಆಧಾರ ಸಿಗಲಿಲ್ಲ ಅಷ್ಟೇ ಎಂದೂ ಹೇಳಿದೆ. ಅಷ್ಟನ್ನೂ ಅತ್ತೆ ಕೇಳಿಸಿಕೊಂಡರೋ ಇಲ್ಲವೋ. ಅವರು ರಿಸೀವರಿನಿಂದ ಮುಖ ತಿರುಗಿಸಿ ಕೂಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

"ಕೇಳಿಸ್ತಾ? ತಾಯಿ ಕಡೆ ಒಂದೇಯಂತೆ. ನಮ್ಮವ್ವ ಬೆರಕೆ ಕಟ್ನಿಲ್ಲವಂತೆ."

ದೂರದಿಂದ ಮಾವನ ದನಿ: "ತಾಯಿ ಕಡೆದು ಸರಿ ಕಣೆ. ಅಪ್ಪನ ಕಡೆದು?"

ಅದು ಪೀಟರ್ ಕೇಳಬೇಕಾಗಿದ್ದ ಪ್ರಶ್ನೆ. ಬಾಳೆಯ ಜೀವಕೋಶದಲ್ಲಿ ತಂದೆಯಿಂದ ಮಾತ್ರ ಬರುವ ಬೇರೊಂದು ಕಣವಿದೆ, ಅದನ್ನು ಓದಲು ಈ ನುಚ್ಚು ಸಾಲದೇ ಹೋಗಬಹುದು ಎಂದು ಹೇಳಲು ನಾನು ಬಾಯಿ ತೆರೆದೆ.

"ಅಪ್ಪನ ಕಡೆ ಕಟ್ಕೊಂಡು ಏನಾಗ್ಬೇಕು ನಿಮ್ಗೆ," ಎಂದರು ಅತ್ತೆ. ನನಗೆ, "ಬಾಡಿಸಿದ್ದು ಒಳ್ಳೇದೇ ಆಯ್ತು, ಅಲ್ವಾ?" ಎಂದರು.

"ಆಯ್ತು ಅತ್ತೆ," ಎಂದೆ.

ಕೊನೆಯ ಭಾನುವಾರದ ಫೋನು

ಹೊರಡುವ ಮುಂಚಿನ ಭಾನುವಾರ ಮತ್ತೆ ಮಾಡಿದೆ. ಆ ದಿನ ಎತ್ತಿಕೊಂಡದ್ದು ಮಾವ. ಅವರು ಫೋನಿನಲ್ಲಿ ಮಾತಾಡುವವರಲ್ಲ. ಎತ್ತಿ "ಕರೀತೀನಿ ಇರು" ಎಂದು ಇಟ್ಟುಬಿಡುವವರು. ಅಂದು ಇಡಲಿಲ್ಲ.

"ನಿಮ್ಮತ್ತೆ ಕೊಟ್ಗೆ ತಾವ ಅವ್ಳೆ. ನೋಡವ್ವ, ಒಂದ್ ಮಾತು."

"ಹೇಳಿ ಮಾವ."

"ನೀನು ಅದ್ಯಾರ್ದೋ ತೋಟದ ಬಾಳೆಗೂ ಇದ್ಕೂ ತಾಯಿ ಒಂದೇ ಅಂದ್ಯಂತಲ್ಲ. ಯಾರ್ದು ಅದು?"

"ರಾಚಪ್ಪನವರದು."

"ಎಲ್ ಬತ್ತದೆ?"

ಬಸ್ಸು ಇಳಿದು ಯಾವ ಕಡೆ ತಿರುಗಬೇಕು, ಯಾವ ಕಾಲುವೆ ದಾಟಬೇಕು ಎಂದು ಹೇಳಿದೆ. ಮಾವ ಒಂದೊಂದನ್ನೂ ಮೆಲ್ಲಗೆ ತಿರುಗಿ ಹೇಳಿಕೊಂಡರು.

"ಕೇಳುದ್ರೆ ಒಂದ್ ಕಂದು ಕೊಟ್ಟಾರಾ?"

"ನನ್ನ ಹೆಸರು ಹೇಳಿ, ಕೊಡುತ್ತಾರೆ. ಆದರೆ ಮಾವ, ಹಳೇ ಗುಂಡಿಯಲ್ಲಿ ನೆಡಬೇಡಿ. ಆ ಮಣ್ಣಿನಲ್ಲಿ ರೋಗ ಉಳಿದಿರುತ್ತೆ."

"ಅಷ್ಟು ಗೊತ್ತಾಗಕಿಲ್ವಾ ನಂಗೆ? ಮುಂದ್ಗಡೆ ಬಾವಿ ತಾವ ಜಾಗ ಮಾಡಿವ್ನಿ. ಏನ್ಕ ಅಗ್ದೆ ಅಂತ ಕೇಳುದ್ಲು, ಗೊಬ್ಬರ ಆಕಕೆ ಅಂದೆ." ಆಮೇಲೆ, "ಬೆಳಗೆದ್ರೆ ಆ ಸುಟ್ಟ ಜಾಗ್ದಲ್ಲೇ ನಿಂತ್ಕತಾಳೆ ಕಣವ್ವ," ಎಂದರು.

ಅಷ್ಟರಲ್ಲಿ ಆ ಕಡೆ ಬಾಗಿಲ ಸದ್ದಾಯಿತು. ಅತ್ತೆಯ ದನಿ ಹತ್ತಿರ ಬಂತು.

"ಯಾರ್ದ್ರೀ ಫೋನು?"

"ರಾಂಗ್ ನಂಬರು ಕಣೆ," ಎಂದು ಮಾವ ಇಟ್ಟುಬಿಟ್ಟರು.